ಬೆಂಚಿಗೊಂದು ಸೂಜಿ

ಗಾಜು ತೊಳೆಯುವುದಕ್ಕೆಂದು ಅವಳನ್ನು ಕೆಲಸಕ್ಕೆ ಇಟ್ಟುಕೊಂಡರು. ಇಟ್ಟುಕೊಂಡ ಮೇಲೆ ಕೇಳಬೇಕೆ? ನೆಲ ಒರೆಸುವುದು, ಸಿಂಕಿನಲ್ಲಿ ಕಟ್ಟಿಕೊಂಡ ಕೊಳೆಯನ್ನು ಕೈ ಹಾಕಿ ತೆಗೆಯುವುದು, ಮೇಡಂಗೆ ಚಹಾ ತರುವುದು, ಸತ್ತ ಇಲಿ ಎಸೆಯುವುದು, ಎಲ್ಲವನ್ನೂ ಒಂದೊಂದಾಗಿ ಅವಳ ತಲೆಗೇ ಕಟ್ಟಿದರು. ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಕಲಿಸುವ ಕಾಲೇಜು ಅದು. ಬಂದ ಹುಡುಗರೆಲ್ಲ ಅವಳನ್ನು ಗ್ಲಾಸಮ್ಮ ಅಂದರು. ಹೆತ್ತವರು ಇಟ್ಟ ಹೆಸರನ್ನು ಕೂಗುವವರು ಅಲ್ಲಿ ಯಾರೂ ಇರಲಿಲ್ಲ.

ಗಾಜಿನ ಕಲೆ ಸೋಪಿಗೆ ಹೋಗುವುದಿಲ್ಲ. ಆ್ಯಸಿಡ್ ಬೆರೆಸಿದ ನೀರಿನಲ್ಲಿ ಅದ್ದಿಡಬೇಕು, ಆಮೇಲೆ ಒಂದೊಂದನ್ನೇ ತೆಗೆದು ಬ್ರಷ್ಷಿನಿಂದ ಉಜ್ಜಬೇಕು. ಗ್ಲೌಸು ಕೇಳಿದರೆ, "ಬರುತ್ತೆ ಬರುತ್ತೆ" ಅನ್ನುವರು. ಬಂದದ್ದೆಲ್ಲ ಮೇಡಂ ಬೀರುವಿಗೆ ಹೋಗುತ್ತಿತ್ತು. ಗ್ಲಾಸಮ್ಮನ ಬೆರಳ ಸಂದಿಯ ಚರ್ಮ ಸುಲಿದು ಬೆಳ್ಳಗಾಗಿತ್ತು. ಊಟಕ್ಕೆ ಕೂತು ಅನ್ನ ಕಲಸಿದರೆ ಖಾರ ಸಂದಿಗಿಳಿದು ಜೀವ ಹೋಗುತ್ತಿತ್ತು. ಮನೆಯಲ್ಲಿ ಚಮಚದಲ್ಲಿ ತಿನ್ನುವ ದೊಡ್ಡಸ್ತಿಕೆ ಅವಳಿಗೆ ಬಂದದ್ದು ಹಾಗೆ.

ಸೂಜಿ ತೊಳೆಯುವ ಕೆಲಸವೂ ಅವಳದೇ. ರಕ್ತದ ಗುಂಪು ಕಂಡುಹಿಡಿಯುವ ಪಾಠಕ್ಕೆ ಹುಡುಗರು ತಮ್ಮ ಬೆರಳು ತಾವೇ ಚುಚ್ಚಿಕೊಂಡು ಗಾಜಿನ ಸ್ಲೈಡಿನ ಮೇಲೆ ಒಂದು ಹನಿ ರಕ್ತ ಹಾಕಬೇಕು. ಪುಸ್ತಕದಲ್ಲಿ ಆ ಸೂಜಿಗೆ ಲ್ಯಾನ್ಸೆಟ್ ಎಂದು ಹೆಸರಿದೆ. ಒಬ್ಬರಿಗೆ ಬಳಸಿದ್ದನ್ನು ಇನ್ನೊಬ್ಬರಿಗೆ ಬಳಸಬಾರದು, ಬಳಸಿದ ಕೂಡಲೇ ಎಸೆಯಬೇಕು ಎಂದು ಅದೇ ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದೆ. ಆದರೆ ಆ ಲ್ಯಾಬಿನಲ್ಲಿ ಬೆಂಚಿಗೊಂದೇ ಸೂಜಿ. ಒಬ್ಬ ಚುಚ್ಚಿಕೊಂಡು, ಸ್ಪಿರಿಟ್ ಹತ್ತಿಯಲ್ಲಿ ಒರೆಸಿ ಪಕ್ಕದವನಿಗೆ ಕೊಡುವುದು. ಅವನು ತನ್ನ ಪಕ್ಕದವಳಿಗೆ. ಕ್ಲಾಸು ಮುಗಿದ ಮೇಲೆ ಗ್ಲಾಸಮ್ಮ ಎಲ್ಲವನ್ನೂ ಬಟ್ಟಲಿಗೆ ಹಾಕಿ ನಾಲ್ಕು ಕುದಿ ಕುದಿಸಿ ಮುಂದಿನ ತಂಡಕ್ಕೆ ಎತ್ತಿಡುವುದು.

ಹೊಸ ಸೂಜಿ ಇರಲಿಲ್ಲವೆಂದಲ್ಲ, ಇತ್ತು. ಸ್ಟೋರ್ ರೂಮಿನ ಮೇಲಿನ ಹಲಗೆಯಲ್ಲಿ ಡಬ್ಬಿಗಟ್ಟಲೆ ಇತ್ತು. ಇನ್‌ಸ್ಪೆಕ್ಷನ್ನಿಗೆ ಜನ ಬಂದಾಗ ಡಬ್ಬಿ ಕೆಳಗಿಳಿಯುತ್ತಿತ್ತು. ಅವರ ಕಾರು ಗೇಟು ದಾಟುತ್ತಲೇ ಮತ್ತೆ ಮೇಲೆ ಹತ್ತುತ್ತಿತ್ತು. ಗ್ಲಾಸಮ್ಮ ಒಮ್ಮೆ ಬಾಯಿಬಿಟ್ಟು ಕೇಳಿದ್ದಳು, "ಮೇಡಂ, ಅದನ್ನೇ ಕೊಟ್ಟುಬಿಟ್ರೆ ಆಗಲ್ವಾ?" ಅಂತ. "ನೀನು ಗಾಜು ತೊಳಿ" ಅಂದಿದ್ದರು ಮೇಡಂ. ತೊಳೆದಳು.

ಈ ಮೇಡಂಗೆ ಹುಡುಗರು ಇಟ್ಟ ಹೆಸರು ರಿಬ್ಬನ್ ಮೇಡಂ. ಏಡ್ಸ್ ಬಗ್ಗೆ ಎಲ್ಲೇ ಭಾಷಣವಿರಲಿ, ಸೆರಗಿಗೆ ಕೆಂಪು ರಿಬ್ಬನ್ ಚುಚ್ಚಿಕೊಂಡು ಹೊರಡುವವರು ಅವರೇ. ಸುಮ್ಮನೆ ಹೇಳಬಾರದು, ಪಾಠ ಮಾತ್ರ ಚೆನ್ನಾಗಿ ಮಾಡುತ್ತಿದ್ದರು. ಬೋರ್ಡಿನ ಮೇಲೆ ಮುಳ್ಳುಮುಳ್ಳಾದ ಉಂಡೆ ಬರೆದು, "ಇದೇ ವೈರಸ್ಸು. ಮೈ ಕಾಯೋ ಕಣದೊಳಕ್ಕೇ ನುಗ್ಗುತ್ತೆ, ಅದರ ಕೈಯಲ್ಲೇ ತನ್ನ ಮರಿ ಮಾಡಿಸುತ್ತೆ" ಅಂತ ಅವರು ಹೇಳತೊಡಗಿದರೆ ಹಿಂದಿನ ಬೆಂಚಿನ ತೂಕಡಿಕೆ ಗಿರಾಕಿಗಳೂ ಕಣ್ಣು ಬಿಡುತ್ತಿದ್ದರು. ಆಮೇಲೆ ಸಾಮಾಜಿಕ ಪರಿಣಾಮ ಎಂಬ ಪಾಠ. ರೋಗಿಯನ್ನು ದೂರ ಇಡಬಾರದು, ಜೊತೆಯಲ್ಲಿ ಊಟ ಮಾಡಬೇಕು, ಕೈ ಕುಲುಕಬೇಕು. ಹೇಳುತ್ತಾ ಹೇಳುತ್ತಾ ಮೇಡಂ ಧ್ವನಿ ಗದ್ಗದವಾಗುತ್ತಿತ್ತು. ಸಿಂಕಿನ ಹತ್ತಿರ ಬೆನ್ನು ಬಾಗಿಸಿ ನಿಂತ ಗ್ಲಾಸಮ್ಮನಿಗೆ ಅದೆಲ್ಲ ಕೇಳುತ್ತಿತ್ತು. ಅವಳು ನಲ್ಲಿ ಜೋರಾಗಿ ಬಿಡುತ್ತಿದ್ದಳು.

ಯಾಕೆಂದರೆ ಆ ಪಾಠ ಅವಳ ಮನೆಯಲ್ಲಿ ನಡೆದುಹೋಗಿತ್ತು. ಅವಳ ತಂಗಿ ಸತ್ತದ್ದು ಆ ರೋಗದಲ್ಲೇ. ಎಲ್ಲಿಂದ ಬಂತು ಎಂದು ಯಾರಿಗೂ ಗೊತ್ತಾಗಲಿಲ್ಲ. ಗಂಡನಿಂದಲೋ, ಹೆರಿಗೆಯಲ್ಲಿ ಏರಿಸಿದ ರಕ್ತದಿಂದಲೋ, ಜ್ವರ ಬಂದಾಗಲೆಲ್ಲ ಓಣಿಯ ಡಾಕ್ಟರು ಕೊಡುತ್ತಿದ್ದ ಇಂಜೆಕ್ಷನ್ನಿನಿಂದಲೋ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವ ಜನವೇ ಇವರು? ಅವಳ ನಡತೆಯ ಮೇಲೆ ಒಂದು ಕಥೆ ಕಟ್ಟಿದರು. ಗಂಡ ಮೊದಲೇ ಸತ್ತಿದ್ದ. ಅವನ ಅಣ್ಣ ಅವಳ ತಟ್ಟೆಯನ್ನು ಬಚ್ಚಲ ಕಿಟಕಿಯಲ್ಲಿ ಇಡಿಸಿದ. ಕೊನೆಗೆ ಆಸ್ಪತ್ರೆಯಲ್ಲಿ ಆಯಾ ಕೂಡ ಹತ್ತಿರ ಬರಲಿಲ್ಲ. ಅವಳ ಹೊಲಸು ತೆಗೆದವಳು, ಮೈ ಒರೆಸಿದವಳು, ಬಾಯಿಗೆ ನೀರು ಬಿಟ್ಟವಳು ಈ ಅಕ್ಕನೇ. ತಂಗಿಯ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಆಸ್ಪತ್ರೆಯಿಂದ ಹೊರಬಿದ್ದಾಗ ಮಗುವಿನ ರಕ್ತದಲ್ಲೂ ಅದೇ ಇತ್ತು. ಅಪ್ಪ ಅಮ್ಮನ ಆಸ್ತಿ ಬರದಿದ್ದರೂ ಅದೊಂದು ತಪ್ಪದೆ ಬಂತಲ್ಲ ಎಂದು ಗ್ಲಾಸಮ್ಮ ಹಲ್ಲು ಕಚ್ಚಿಕೊಂಡು ನಕ್ಕಿದ್ದಳು.

ಆ ಮಗು ಸಾಯಲಿಲ್ಲ. ದಿನಾ ಮಾತ್ರೆ ನುಂಗಿಕೊಂಡು ಬೆಳೆಯಿತು. ರಕ್ತದಲ್ಲಿ ವೈರಸ್ಸು ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗಿದೆ, ಎಲ್ಲರ ಹಾಗೆ ಓದಲಿ, ಮದುವೆಯಾಗಲಿ, ಮಕ್ಕಳಾಗಲಿ ಎಂದು ಡಾಕ್ಟರು ಹೇಳಿದರು. ಹುಡುಗಿ ಹಿಡಿದ ಹಟ ಒಂದೇ, ಲ್ಯಾಬ್ ಕೋರ್ಸು ಮಾಡಬೇಕು.

"ಬೇರೆ ಏನಾದ್ರೂ ಓದೇ, ನಮ್ಮಮ್ಮಾ," ಅಂದಿದ್ದಳು ಗ್ಲಾಸಮ್ಮ.

"ಇಷ್ಟು ವರ್ಷದಿಂದ ನನ್ನ ರಕ್ತ ಎಲ್ಲರೂ ನೋಡಿದ್ದಾಯ್ತು ದೊಡ್ಡಮ್ಮ. ನಾನೂ ಒಂದ್ಸಲ ನೋಡ್ಬೇಕು. ಆಮೇಲೆ ಬೇರೆಯವರದ್ದು ನೋಡ್ತೀನಿ. ಸರಿಯಾಗಿ ನೋಡ್ತೀನಿ."

ಹೀಗೆ ಹುಡುಗಿ ದೊಡ್ಡಮ್ಮ ಗಾಜು ತೊಳೆಯುವ ಕಾಲೇಜಿಗೇ ಬಂದು ಸೇರಿದಳು. ಕೋಲಿನಂತೆ ಸಣ್ಣಗಿದ್ದಳೆಂದು ಕ್ಲಾಸಿನವರು ಕಡ್ಡಿ ಅಂದರು. ಅವಳ ಪಕ್ಕ ಕೂರುವವಳಿಗೆ ಪಟಾಕಿ ಎಂದು ಹೆಸರು. ಬಾಯಿ ಬಿಟ್ಟರೆ ಸಿಡಿಯುವುದೇ. ಕಡ್ಡಿಯೂ ಪಟಾಕಿಯೂ ಒಂದೇ ಡಬ್ಬಿಯಲ್ಲಿ ಉಂಡರು, ಒಂದೇ ಏಪ್ರನ್ನು ಹಂಚಿಕೊಂಡರು. ಏಡ್ಸ್ ದಿನದ ಪೋಸ್ಟರ್ ಸ್ಪರ್ಧೆಯಲ್ಲಿ ಕಡ್ಡಿಗೇ ಮೊದಲ ಬಹುಮಾನ ಬಂತು. ರಿಬ್ಬನ್ ಮೇಡಂ ಸ್ವತಃ ಅವಳ ಎದೆಗೆ ರಿಬ್ಬನ್ ಚುಚ್ಚಿ, ಬೆನ್ನು ತಟ್ಟಿ, "ನೋಡ್ರೋ, ಗ್ಲಾಸಮ್ಮ ಸಾಕಿದ ಹುಡುಗಿಗೆ ಇರೋ ಬುದ್ಧಿ ನಿಮಗ್ಯಾಕಿಲ್ಲ?" ಅಂದರು. ಮಾತ್ರೆಯ ವಿಷಯ ಮಾತ್ರ ಹುಡುಗಿಯ ಮತ್ತು ದೊಡ್ಡಮ್ಮನ ಹೊಟ್ಟೆಯಲ್ಲೇ ಉಳಿಯಿತು.

ಕೊನೆಯ ವರ್ಷ ರಕ್ತದ ಗುಂಪಿನ ಪ್ರಾಕ್ಟಿಕಲ್ ಬಂತು. ಹಿಂದಿನ ಸಲ ಹುಡುಗಿ ಜ್ವರವೆಂದು ತಪ್ಪಿಸಿಕೊಂಡಿದ್ದಳು. ಈ ಸಲ ತಪ್ಪಿಸಿಕೊಂಡರೆ ಪರೀಕ್ಷೆಗೇ ಕೂರಿಸುವುದಿಲ್ಲ. ಮೊದಲು ಅವಳು ನೆಟ್ಟಗಿನ ದಾರಿಯಲ್ಲೇ ಹೋದಳು.

"ಮೇಡಂ, ಒಬ್ಬೊಬ್ಬರಿಗೆ ಒಂದೊಂದು ಸೂಜಿ ಕೊಡ್ಬಹುದಾ? ಪುಸ್ತಕದಲ್ಲಿ ಹಾಗೇ ಇದೆ."

"ಪುಸ್ತಕದಲ್ಲಿ ಏನೇನೋ ಇರುತ್ತೆ. ಸ್ಪಿರಿಟ್ ಇದೆಯಲ್ಲ? ನಾವೆಲ್ಲ ಕಲಿತಿದ್ದೂ ಹೀಗೇ. ಏನಾಗಿದೆ ನಮಗೆ?"

ಹುಡುಗಿ ಮನೆಗೆ ಬಂದು ಮೂಲೆ ಹಿಡಿದು ಕೂತಳು. ಬೆಂಚಿನಲ್ಲಿ ಅವಳು ಮೊದಲು ಚುಚ್ಚಿಕೊಂಡರೆ ಅವಳ ರಕ್ತ ಮುಂದಿನವರಿಗೆ. ಮಾತ್ರೆಯಿಂದ ವೈರಸ್ಸು ಅಡಗಿದೆಯಲ್ಲ ಎಂದು ದೊಡ್ಡಮ್ಮ ಅಂದರೆ, "ಇನ್ನೊಬ್ಬರ ಬೆರಳಲ್ಲಿ ಅದನ್ನ ಪರೀಕ್ಷೆ ಮಾಡೋಕಾಗುತ್ತಾ?" ಅಂದಳು. ಕೊನೆಗೆ ಚುಚ್ಚಿಕೊಂಡರೆ ಎಲ್ಲರದ್ದೂ ಅವಳಿಗೆ. ಆಗ ಗ್ಲಾಸಮ್ಮ ಒಂದು ಉಪಾಯ ತೆಗೆದಳು. ಬಡವರ ಉಪಾಯ, ಎಷ್ಟಾಗುತ್ತದೋ ಅಷ್ಟೇ. ಸ್ಟೋರ್ ರೂಮಿನ ಡಬ್ಬಿಯಿಂದ ಒಂದು ಹೊಸ ಸೂಜಿ ಹಾರಿಸುವುದು, ಹುಡುಗಿಯ ಲ್ಯಾಬ್ ತಟ್ಟೆಯಲ್ಲಿ ಹತ್ತಿಯ ಕೆಳಗೆ ಇಡುವುದು, ಚುಚ್ಚಿಕೊಂಡ ಕೂಡಲೇ ಅವಳು ಅದನ್ನು ಮುರಿದು ಬಿಸಾಡುವುದು. ಅಷ್ಟೇ ತಾನೇ, ಯಾರ ಕಣ್ಣಿಗೆ ಬಿದ್ದೀತು?

ತಂಗಿಯ ತಟ್ಟೆ ಬೇರೆ ಇಟ್ಟದ್ದಕ್ಕೆ ಅವಳ ಗಂಡನ ಅಣ್ಣನ ಮುಖಕ್ಕೆ ಉಗಿದು ಬಂದವಳು ಗ್ಲಾಸಮ್ಮ. ಈ ಹುಡುಗಿಗೆ ಮನೆಯಲ್ಲಿ ಒಂದು ಲೋಟವನ್ನೂ ಬೇರೆ ಮಾಡಿರಲಿಲ್ಲ. ಈಗ ತನ್ನ ಕೈಯಾರೆ ಬೇರೆ ಸೂಜಿ ಇಡುತ್ತಿದ್ದಳು. ಇಟ್ಟು, ಮೇಲೆ ಹತ್ತಿ ಮುಚ್ಚಿದಳು.

ಆ ದಿನ ಬೆಳಗ್ಗೆ ಲ್ಯಾಬು ಜನ ತುಂಬಿ ಗಿಜಿಗುಡುತ್ತಿತ್ತು. ಮೇಡಂ ಮೊದಲು ತಮ್ಮ ಬೆರಳು ಚುಚ್ಚಿ ತೋರಿಸಿ, ಅದೇ ಸೂಜಿಯನ್ನು ಮುಂದಿನ ಬೆಂಚಿಗೆ ಕೊಟ್ಟರು. ಗ್ಲಾಸಮ್ಮ ಸಿಂಕಿನ ಹತ್ತಿರ ನಿಂತು ಬೀಕರು ಉಜ್ಜುತ್ತಾ ಒಂದು ಕಣ್ಣನ್ನು ಹುಡುಗಿಯ ಮೇಲೇ ಇಟ್ಟಿದ್ದಳು. ಹುಡುಗಿ ಹತ್ತಿ ಸರಿಸಿ ಸೂಜಿ ತೆಗೆದಳು. ಚುಚ್ಚಿಕೊಂಡಳು. ಹನಿ ಸ್ಲೈಡಿಗೆ ಬಿತ್ತು. ಸದ್ಯ, ಮುಗಿಯಿತು ಅಂದುಕೊಂಡಳು ಗ್ಲಾಸಮ್ಮ.

ಪಟಾಕಿ ಬೆಂಚಿನ ಹಳೇ ಸೂಜಿಯಲ್ಲಿ ಚುಚ್ಚಿಕೊಂಡು ಚುಚ್ಚಿಕೊಂಡು ಸುಸ್ತಾಗಿದ್ದಳು. ಮೊಂಡು ಸೂಜಿ, ನೋವು ಬರುತ್ತಿತ್ತೇ ಹೊರತು ರಕ್ತ ಬರುತ್ತಿರಲಿಲ್ಲ.

"ಏ ಕಡ್ಡಿ! ನಿಂದು ಹೊಸಾದು ಕಣೇ! ಫಳಫಳ ಅಂತಿದೆ. ಎಲ್ಲಿ ಹೊಡೆದೆ? ಕೊಡಿಲ್ಲಿ."

"ಬೇಡ, ಪಟಾಕಿ."

"ಅಯ್ಯೋ, ತಿಂದುಬಿಡ್ತೀನಾ? ಕೊಡೇ!"

ಹುಡುಗಿ ಮುಷ್ಟಿ ಬಿಗಿದಳು. ಪಟಾಕಿ ನಗುತ್ತಾ ಅವಳ ಮಣಿಕಟ್ಟು ಹಿಡಿದು ಬೆರಳು ಬಿಡಿಸತೊಡಗಿದಳು.

"ಮುಟ್ಟಬೇಡ!"

ಹಾಗೆ ಅರಚಿದವಳು ಗ್ಲಾಸಮ್ಮ. ಕೈಯಲ್ಲಿದ್ದ ಬೀಕರು ಬಿದ್ದು ಚೂರಾಯಿತು. ಇಡೀ ಲ್ಯಾಬು ತಿರುಗಿತು. ಆ ಮಾತು ತನ್ನ ಬಾಯಿಂದಲೇ ಬಂತೇ ಎಂದು ಅವಳಿಗೇ ನಂಬಿಕೆ ಬರಲಿಲ್ಲ. ಏನಾದರೂ ಸುಳ್ಳು ಹೇಳಿ ತೇಪೆ ಹಾಕಬಹುದಿತ್ತು. ಆದರೆ ಅಷ್ಟು ಹೊತ್ತು ಸಿಗಲಿಲ್ಲ.

"ಏನದು ಗ್ಲಾಸಮ್ಮ? ಯಾಕೆ ಮುಟ್ಟಬಾರದು?" ಮೇಡಂ ಬಂದರು.

ಹುಡುಗಿ ದೊಡ್ಡಮ್ಮನ ಮುಖ ನೋಡಿದಳು. ಪಟಾಕಿಯ ಕೈಯನ್ನು ಮೆಲ್ಲಗೆ ಬಿಡಿಸಿದಳು.

"ಇದಕ್ಕೆ ನನ್ನ ರಕ್ತ ತಾಗಿದೆ ಮೇಡಂ. ನನಗೆ ಎಚ್‌ಐವಿ ಇದೆ. ಹುಟ್ಟಿದಾಗಿನಿಂದ. ಅದಕ್ಕೇ ಬೇರೆ ಸೂಜಿ ತಗೊಂಡೆ."

ರಿಬ್ಬನ್ ಮೇಡಂ ಹಿಂದೆ ಸರಿದರು. ಒಂದು ಹೆಜ್ಜೆಯಲ್ಲ, ಬೆನ್ನು ಬೀರುವಿಗೆ ತಾಗುವವರೆಗೂ ಸರಿದರು. ಸ್ಟೂಲುಗಳು ಕರಕರ ಅಂದವು. ಅವಳ ಡಬ್ಬಿಯಲ್ಲಿ ಉಂಡವರು, ಅವಳಿಂದ ಚಿತ್ರ ಬರೆಸಿಕೊಂಡವರು, ಎಲ್ಲ ಗೋಡೆಗೆ ಅಂಟಿ ನಿಂತರು. ಸಿಂಕಿಗೆ ಓಡಿ ಕೈ ತೊಳೆದುಕೊಳ್ಳುವವರ ಸಾಲು ಹತ್ತಿತು. ಪಟಾಕಿ ಒಬ್ಬಳೇ ಬಾಯಿ ತೆರೆದುಕೊಂಡು ಅಲ್ಲೇ ನಿಂತಿದ್ದಳು. ಹುಡುಗಿ ಸೂಜಿಯನ್ನು ಬಳಸಿದ ಸೂಜಿ ಎಸೆಯುವ ಡಬ್ಬಕ್ಕೆ ಹಾಕಿದಳು, ಸ್ಲೈಡು ಎತ್ತಿಟ್ಟಳು, ತನ್ನ ಜಾಗ ತಾನೇ ಒರೆಸಿದಳು. ಕಲಿಸಿದ್ದನ್ನೆಲ್ಲ ಕಲಿಸಿದ ಹಾಗೇ ಮಾಡಿ ಚೀಲ ತೆಗೆದುಕೊಂಡು ಹೊರಗೆ ಹೋದಳು.

"ಆ ಸ್ಟೂಲು ಹೊರಗೆ ಹಾಕು," ಅಂದರು ಮೇಡಂ.

"ಯಾರಿಗೆ ಹೇಳ್ತಿದೀರಿ ಮೇಡಂ?"

"ನಿನಗೇ. ಇನ್ಯಾರಿಗೆ? ಬ್ಲೀಚಿಂಗ್ ಪೌಡರ್ ಹಾಕಿ ತೊಳಿ. ಬೆಂಚೂ ತೊಳಿ."

ಏನು ಹೇಳಲಿ ಆ ಗಳಿಗೆಯನ್ನು! ಎದುರು ಆಡಬಹುದಿತ್ತು. ಸ್ಟೂಲು ಎತ್ತಿ ಮೇಡಂ ಕಾಲ ಮೇಲೆ ಹಾಕಬಹುದಿತ್ತು. ಹುಡುಗಿಯ ಪರೀಕ್ಷೆ ಕಣ್ಣ ಮುಂದೆ ಬಂತು. ಗ್ಲಾಸಮ್ಮ ಸ್ಟೂಲು ಎತ್ತಿದಳು. ಅಂಗಳದಲ್ಲಿ ಎಲ್ಲರೂ ಕಿಟಕಿಯಿಂದ ನೋಡುತ್ತಿರುವಾಗ ಬಿಳಿ ಪುಡಿ ಸುರಿದು ಬರಿಗೈಯಲ್ಲಿ ಉಜ್ಜಿದಳು. ಸುಲಿದ ಬೆರಳ ಸಂದಿಗೆ ಪುಡಿ ಇಳಿದು ಉರಿ ಹತ್ತಿತು. ಉಜ್ಜಿದಳು. ತಾನೇ ಹಾಲೂಡಿಸಿ ಬೆಳೆಸಿದ ಮಗು ಕೂತ ಜಾಗವನ್ನು, ಹೊಲಸು ಬಿದ್ದ ಜಾಗದ ಹಾಗೆ, ಮೂರು ನೀರು ಹಾಕಿ ತೊಳೆದಳು.

ಸಂಜೆಯೊಳಗೆ ಸುದ್ದಿ ಮನೆಮನೆಗೆ ಮುಟ್ಟಿತು. ಮಾರನೆಯ ದಿನ ಪ್ರಿನ್ಸಿಪಾಲರು ಗ್ಲಾಸಮ್ಮನನ್ನು ಕರೆಸಿದರು. ಮೇಡಂ ಪಕ್ಕದಲ್ಲೇ ಕೂತಿದ್ದರು. ಸೆರಗಿನ ಮೇಲೆ ರಿಬ್ಬನ್ ಇರಲಿಲ್ಲ.

"ನಾಳೆ ಎಲ್ಲರ ಅಪ್ಪ ಅಮ್ಮಂದಿರೂ ಬರ್ತಾರೆ," ಅಂದರು ಪ್ರಿನ್ಸಿಪಾಲರು. "ಕೆಲವು ಹುಡುಗರು ಸೂಜಿ ವಿಷಯ ಮನೇಲಿ ಬಾಯಿ ಬಿಟ್ಟಿದ್ದಾರೆ. ನೀವು ಸಭೇಲಿ ಒಂದೇ ಒಂದು ಮಾತು ಹೇಳ್ಬೇಕು. ಒಬ್ಬೊಬ್ಬರಿಗೂ ಹೊಸ ಸೂಜಿ ಕೊಡ್ತಿದ್ವಿ, ಹಳೇದನ್ನ ನಾನೇ ಎಸೀತಿದ್ದೆ ಅಂತ. ಸೂಜಿ ನೋಡ್ಕೊಳ್ಳೋರು ನೀವು, ನಿಮ್ಮ ಮಾತು ನಂಬ್ತಾರೆ."

"ಹೇಳಿದ್ರೆ?"

"ನಿಮ್ಮ ಹುಡುಗಿ ಪರೀಕ್ಷೆ ಬರೀಬಹುದು. ಎಲ್ಲರ ಜೊತೆ ಆಗಲ್ಲ, ಜನ ಒಪ್ಪಲ್ಲ. ಸ್ಟೋರ್ ರೂಮಲ್ಲಿ ಒಂದು ಮೇಜು ಹಾಕಿಸ್ತೀವಿ. ನಿಮ್ಮ ಕೆಲಸಾನೂ ಇರುತ್ತೆ."

"ಹೇಳ್ದೇ ಇದ್ರೆ?"

ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿಕೊಂಡರು. "ಯಾಕಮ್ಮ ಅಂಥಾ ಮಾತು? ನಾವೇನು ಕಟುಕರಾ?"

ಗ್ಲಾಸಮ್ಮ ಮನೆಗೆ ಬಂದು ಹುಡುಗಿಗೆ ಎಲ್ಲ ಹೇಳಿದಳು. ಹುಡುಗಿ ಬಟ್ಟೆ ಮಡಚುತ್ತಿದ್ದವಳು ಮಡಚುತ್ತಲೇ ಇದ್ದಳು.

"ಹೇಳ್ಬಿಡು ದೊಡ್ಡಮ್ಮ. ಸ್ಟೋರ್ ರೂಮಾದ್ರೆ ಸ್ಟೋರ್ ರೂಮು. ಸರ್ಟಿಫಿಕೇಟ್ ಮೇಲೆ ಎಲ್ಲಿ ಕೂತು ಬರೆದ್ಲು ಅಂತ ಬರೆದಿರಲ್ಲ."

"ನಿಂಗೆ ಬೇಜಾರಿಲ್ವೇನೇ?"

"ಬೇಜಾರು ಇದೆ. ಅದನ್ನ ಇಟ್ಕೊಂಡು ಏನ್ ಮಾಡ್ಲಿ, ಉಪ್ಪಿನಕಾಯಿ ಹಾಕ್ಲಾ? ನಾನು ಪಾಸಾಗ್ಬೇಕು. ನನ್ನ ಕಾಲ ಮೇಲೆ ನಿಂತ್ಕೋಬೇಕು. ನಿನ್ನ ಕೈ ನೋಡ್ಕೊಂಡಿದೀಯಾ?"

ಗ್ಲಾಸಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಸುಳ್ಳು ಹೇಳಿಯೇ ಬಿಡುವುದು ಎಂದು ನಿರ್ಧಾರ ಮಾಡಿದಳು. ದೊಡ್ಡ ದೊಡ್ಡವರೇ ಹೇಳುವ ಸುಳ್ಳು, ಗಾಜು ತೊಳೆಯುವವಳು ಹೇಳಿದರೆ ಆಕಾಶ ಬೀಳುತ್ತದೆಯೇ?

ಸಭೆಯ ದಿನ ಕಾಲೇಜಿನ ಹಾಲಿನಲ್ಲಿ ಜನ ತುಂಬಿದ್ದರು. ಅಪ್ಪಂದಿರು, ಅಮ್ಮಂದಿರು, ನಡುವೆ ತಲೆ ತಗ್ಗಿಸಿ ಕೂತ ಮಕ್ಕಳು. ಹುಡುಗಿಗೆ ಒಳಗೆ ಜಾಗವಿರಲಿಲ್ಲ, ಬಾಗಿಲ ಹೊರಗೆ ನಿಂತಿದ್ದಳು. ಮುಂದಿನ ಸಾಲಿನಲ್ಲಿ ಒಬ್ಬ ತಾಯಿ ಮಗನ ಹೆಗಲ ಮೇಲೆ ಕೈ ಹಾಕಿಕೊಂಡು ಕೂತಿದ್ದಳು. ಎಲ್ಲರಿಗಿಂತ ಅವಳ ಬಾಯಿಯೇ ಜೋರು.

"ಇಂಥವರನ್ನ ಸೇರಿಸ್ಕೊಂಡಿದ್ದೇ ತಪ್ಪು! ಇವಳ ಅಮ್ಮ ಎಂಥವಳೋ ಏನೋ. ಹಡೆದು ಬಿಸಾಕಿ ಹೋದ್ಲು. ನಮ್ಮ ಮಕ್ಕಳು ಇದರ ಪಕ್ಕ ಕೂತ್ಕೋಬೇಕಾ? ಅದರ ಉಸಿರು ಕುಡೀಬೇಕಾ?"

ಚಪ್ಪಾಳೆ ಬಿತ್ತು. ಉಸಿರಿನಿಂದ ಹರಡುವುದಿಲ್ಲ ಎಂದು ಗೊತ್ತಿದ್ದವರು ವೇದಿಕೆಯ ಮೇಲೆ ಇದ್ದರು. ರಿಬ್ಬನ್ ಮೇಡಂ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತರು. ಗ್ಲಾಸಮ್ಮನ ಮೈಯೆಲ್ಲ ಉರಿಯಿತು. ಉಗುಳು ನುಂಗಿಕೊಂಡಳು.

"ಶಾಂತಿ, ಶಾಂತಿ," ಅಂದರು ಪ್ರಿನ್ಸಿಪಾಲರು. "ನಿಮ್ಮ ಮಕ್ಕಳಿಗೆ ಒಂದು ಕೂದಲೂ ಕೊಂಕಿಲ್ಲ. ಸೂಜಿ ನೋಡ್ಕೊಳ್ಳೋರೇ ಇಲ್ಲಿದ್ದಾರೆ. ಹೇಳಿ ಗ್ಲಾಸಮ್ಮ."

ವೇದಿಕೆಯ ಮೂಲೆಯಲ್ಲಿ ಕೂತಿದ್ದ ಅವಳು ಎದ್ದು ನಿಂತಳು. ಬಾಯಿಪಾಠ ಮಾಡಿಕೊಂಡು ಬಂದಿದ್ದನ್ನು ಒಪ್ಪಿಸಿದಳು. "ಒಬ್ಬೊಬ್ಬರಿಗೂ ಒಂದೊಂದು ಹೊಸ ಸೂಜಿ ಕೊಡ್ತಿದ್ವಿ. ಹಳೇದನ್ನ ನಾನೇ..."

"ಸುಳ್ಳು!"

ಹಾಲಿನ ನಡುವೆ ಪಟಾಕಿ ಎದ್ದು ನಿಂತಿದ್ದಳು. "ಬೆಂಚಿಗೊಂದೇ ಸೂಜಿ ಇದ್ದಿದ್ದು. ನಂಗೆ ಅದರಲ್ಲಿ ರಕ್ತಾನೇ ಬರ್ಲಿಲ್ಲ, ಅಷ್ಟು ಮೊಂಡಾಗಿತ್ತು. ಕಡ್ಡಿ ಕೊಡಲ್ಲ ಅಂದಿದ್ದು ನಂಗೋಸ್ಕರ!"

ಅವಳಪ್ಪ ತೋಳು ಹಿಡಿದು ಎಳೆದು ಕೂರಿಸಲು ನೋಡಿದ. ಕೂರಲಿಲ್ಲ. ಎಲ್ಲರ ಎದುರಿಗೇ ಕೆನ್ನೆಗೆ ಒಂದು ಬಿಟ್ಟ. "ಆ ಹುಡುಗಿ ಜೊತೆ ತಿಂದಿದ್ದು ಸಾಲ್ದಾ, ಮಾನ ಬೇರೆ ಕಳೀತೀಯಾ?"

"ಅವಳಿಗೆ ಗಾಬರಿ ಆಗಿದೆ ಅಷ್ಟೆ," ಅಂದರು ಮೇಡಂ ಮೈಕು ಹತ್ತಿರ ಎಳೆದುಕೊಂಡು. "ಸ್ನೇಹಿತೆ ಅಂತ ಸುಳ್ಳು ಹೇಳ್ತಿದ್ದಾಳೆ. ಗ್ಲಾಸಮ್ಮ, ನೀವೇ ಹೇಳಿ. ಈ ಹುಡುಗಿ ಹೇಳ್ತಿರೋದು ಸುಳ್ಳು ತಾನೇ?"

ಪಟಾಕಿ ಕೆನ್ನೆ ಹಿಡಿದುಕೊಂಡು ಗ್ಲಾಸಮ್ಮನನ್ನೇ ನೋಡುತ್ತಿದ್ದಳು. ಹೌದು ಅಂದರೆ ಸಾಕು. ಹುಡುಗಿ ಪಾಸು, ಕೆಲಸ ಭದ್ರ. ಪಟಾಕಿ ಸುಳ್ಳಿ ಆಗುತ್ತಾಳೆ. ಎಲ್ಲರೂ ನಿರಾಳವಾಗಿ ಮನೆಗೆ ಹೋಗುತ್ತಾರೆ, ಯಾರ ರಕ್ತವನ್ನೂ ಯಾರೂ ನೋಡುವುದಿಲ್ಲ. ಮುಂದಿನ ತಂಡ ಬರುತ್ತದೆ. ಬಟ್ಟಲಲ್ಲಿ ಅದೇ ಸೂಜಿ. ಒಂದಲ್ಲ ಒಂದು ದಿನ ಯಾರದೋ ಮನೆಯ ಮಗಳು ಯಾವುದೋ ಆಸ್ಪತ್ರೆಯ ಮೂಲೆಯಲ್ಲಿ ಹೊಲಸಿನಲ್ಲಿ ಬಿದ್ದಿರುತ್ತಾಳೆ, ಎಲ್ಲಿಂದ ಬಂತು ಎಂದು ಯಾರಿಗೂ ಗೊತ್ತಾಗುವುದಿಲ್ಲ, ಜನ ಅವಳ ನಡತೆಯ ಮೇಲೆ ಕಥೆ ಕಟ್ಟುತ್ತಾರೆ. ತನ್ನ ತಂಗಿಗೆ ಚುಚ್ಚಿದ ಸೂಜಿಯನ್ನೂ ಯಾರೋ ತೊಳೆದಿಟ್ಟಿರಬಹುದು. ತೊಳೆದವಳನ್ನೂ ಯಾರೋ ಹೀಗೇ ನಿಲ್ಲಿಸಿ ಸುಳ್ಳು ಹೇಳಿಸಿರಬಹುದು. ಆ ಹೆಂಗಸಿಗೂ ಸಾಕಬೇಕಾದ ಮಗುವಿದ್ದಿರಬಹುದು.

ಗ್ಲಾಸಮ್ಮ ಬಾಗಿಲ ಕಡೆ ನೋಡಿದಳು. ಹುಡುಗಿ ಬೇಡ ಎಂಬಂತೆ ತಲೆಯಾಡಿಸುತ್ತಿದ್ದಳು. ಕಣ್ಣಲ್ಲಿ ನೀರಿತ್ತು. ಅದನ್ನು ನೋಡಿಯೂ ಗ್ಲಾಸಮ್ಮ ತಿರುಗಿ ಮೈಕಿನ ಮುಂದೆ ನಿಂತಳು.

"ಆ ಹುಡುಗಿ ಹೇಳಿದ್ದೇ ನಿಜ. ನಾನು ಹೇಳಿದ್ದು ಸುಳ್ಳು. ಬೆಂಚಿಗೊಂದೇ ಸೂಜಿ. ಈ ವರ್ಷ ಅಲ್ಲ, ನಾನು ಬಂದಾಗಿನಿಂದ. ಒರೆಸಿ ಒರೆಸಿ ಒಬ್ಬರಿಂದ ಒಬ್ಬರಿಗೆ. ಸಂಜೆ ನಾನೇ ಕುದಿಸಿ ಎತ್ತಿಡ್ತಿದ್ದೆ. ಈ ಕೈಯಲ್ಲೇ."

"ಗ್ಲಾಸಮ್ಮ!" ಪ್ರಿನ್ಸಿಪಾಲರು ಎದ್ದುಬಿಟ್ಟರು. "ಪರೀಕ್ಷೆ ವಿಷಯ ನೆನಪಿದೆಯಲ್ಲ?"

"ನೆನಪಿದೆ ಸಾರ್. ಅವಳಿಗೂ ನೆನಪಿದೆ, ಅಲ್ಲೇ ನಿಂತು ಅಳ್ತಿದ್ದಾಳೆ ನೋಡಿ. ಸುಳ್ಳು ಹೇಳಿದ್ರೆ ಸ್ಟೋರ್ ರೂಮಲ್ಲಿ ಕೂರಿಸ್ತೀವಿ ಅಂದ್ರಿ. ಹೊಸ ಸೂಜಿ ಡಬ್ಬಿ ಇರೋದೂ ಅಲ್ಲೇ. ಬೇಕಾದವರು ಬನ್ನಿ, ತೋರಿಸ್ತೀನಿ."

ಗ್ಲಾಸಮ್ಮ ಅಷ್ಟಕ್ಕೇ ನಿಲ್ಲಿಸಲಿಲ್ಲ.

"ನಮ್ಮ ಹುಡುಗಿ ಉಸಿರಿಗೆ ಹೆದರಿಕೊಂಡ್ರಲ್ಲ, ನಿಮ್ಮ ಮಕ್ಕಳ ಬೆರಳು ನೋಡ್ಕೊಳ್ಳಿ. ಯಾರದ್ದು ಯಾರಿಗೆ ಹೋಗಿದೆಯೋ ದೇವರಿಗೇ ಗೊತ್ತು. ಅದೊಂದೇ ಅಲ್ಲ, ಕಾಮಾಲೆ ರೋಗಾನೂ ಹೀಗೇ ಹೋಗುತ್ತೆ. ಹೋಗಿ, ಎಲ್ಲರೂ ರಕ್ತ ಪರೀಕ್ಷೆ ಮಾಡಿಸಿ. ಮೇಡಂ, ನೀವೂ ಮಾಡಿಸಿ. ಪ್ರತಿ ವರ್ಷ ಮೊದಲು ಚುಚ್ಕೊಂಡು ತೋರಿಸ್ತಿದ್ದಿದ್ದು ನೀವೇ. ಇಷ್ಟು ಜನ ಇದ್ದೀರಿ ಇಲ್ಲಿ. ತನ್ನ ರಕ್ತದಲ್ಲಿ ಏನಿದೆ ಅಂತ ಗೊತ್ತಿರೋಳು, ಅದು ಇನ್ನೊಬ್ಬರಿಗೆ ತಾಗದ ಹಾಗೆ ನೋಡ್ಕೊಂಡೋಳು, ಆ ಬಾಗಿಲ ಹೊರಗೆ ನಿಂತಿರೋಳು ಒಬ್ಬಳೇ."

"ಹೊರಗೆ!" ಪ್ರಿನ್ಸಿಪಾಲರ ಧ್ವನಿ ಒಡೆಯಿತು. "ಇಬ್ಬರೂ ಹೊರಗೆ! ಆ ಹುಡುಗಿಗೆ ಪರೀಕ್ಷೇನೂ ಇಲ್ಲ, ಏನೂ ಇಲ್ಲ!"

"ಗೊತ್ತು," ಅಂದಳು ಗ್ಲಾಸಮ್ಮ.

ಅವಳು ವೇದಿಕೆಯಿಂದ ಇಳಿದಳು. ಹುಡುಗಿ ಒಳಗೆ ಬಂದಳು. ಜನ ಜಾಗ ಬಿಟ್ಟರು, ಭಯದಿಂದಲೇ. ಬಂದು ದೊಡ್ಡಮ್ಮನ ಕೈ ಹಿಡಿದಳು.

"ಹಾಳು ಮಾಡ್ದೆ ದೊಡ್ಡಮ್ಮ."

"ಮಾಡ್ದೆ."

"ನನ್ನ ಒಂದು ಮಾತು ಕೇಳಿಲ್ಲ ನೀನು."

"ಕೇಳಿಲ್ಲ. ಬೈಯಿ. ಮನೆಗೆ ಹೋಗಿ ಬೈಯಿ."

ಹುಡುಗಿ ಬೈಯಲಿಲ್ಲ, ಹಿಡಿದ ಕೈಯನ್ನೂ ಬಿಡಲಿಲ್ಲ. ಇಬ್ಬರೂ ಮುಂದಿನ ಸಾಲಿನ ಎದುರಿನಿಂದಲೇ ಹೊರಗೆ ಹೋಗಬೇಕಿತ್ತು. ಅಲ್ಲಿ ಆ ಜೋರು ಬಾಯಿಯ ತಾಯಿ ಈಗ ದನಿ ತಗ್ಗಿಸಿದ್ದಳು. ಮಗನ ಕಿವಿಯ ಹತ್ತಿರ ಬಗ್ಗಿ, "ನೀನೂ ಚುಚ್ಕೊಂಡ್ಯಾ?" ಎಂದು ಕೇಳುತ್ತಿದ್ದಳು. ಹುಡುಗ ಹೂಂ ಅಂದ. "ಎಷ್ಟನೆಯವನು?" ಅಂದಳು. "ಕೊನೆಯವನು," ಅಂದ ಹುಡುಗ.

ಅವನ ಹೆಗಲ ಮೇಲಿದ್ದ ತಾಯಿಯ ಕೈ ಮೇಲೆದ್ದಿತು. ಗಾಳಿಯಲ್ಲಿ ಒಂದು ಗಳಿಗೆ ನಿಂತು ಅವಳ ಮಡಿಲಿಗೆ ಬಂದುಬಿತ್ತು. ಆಮೇಲೆ ಆ ಕೈಯನ್ನು ಅವಳು ಸೀರೆಗೆ ಒರೆಸಿಕೊಂಡಳು.

ಗ್ಲಾಸಮ್ಮನಿಗೆ ಸಂತೋಷವಾಗಲಿಲ್ಲ ಅಂದರೆ ಸುಳ್ಳಾದೀತು. ಆಯಿತು. ಆಗಲಿ, ಇವಳಿಗೂ ಗೊತ್ತಾಗಲಿ ಅನ್ನಿಸಿತು. ಆದರೆ ಅಷ್ಟರಲ್ಲಿ ಆ ಹುಡುಗನ ಮುಖ ಕಂಡಿತು. ಮೀಸೆ ಈಗಷ್ಟೇ ಚಿಗುರಿದ ಮುಖ. ಅಮ್ಮ ಕೈ ಒರೆಸಿಕೊಂಡಿದ್ದನ್ನು ಅವನು ನೋಡಿದ್ದ. ಗ್ಲಾಸಮ್ಮ ನಿಂತುಬಿಟ್ಟಳು.

"ಕೈ ತೆಗೀಬೇಡಿ ತಾಯಿ. ನಿಮ್ಮ ಮಗ ಅಲ್ವಾ ಅವನು? ಇಡಿ, ಕೈ ಇಡಿ."

ತಾಯಿ ಅವಳನ್ನು ನೋಡಿದಳು, ಮಗನನ್ನು ನೋಡಿದಳು. ಕೈ ಮಡಿಲಿನಿಂದ ಏಳಲಿಲ್ಲ. ಹುಡುಗ ತಲೆ ತಗ್ಗಿಸಿ, ತನ್ನ ಕುರ್ಚಿಯನ್ನು ತಾನೇ ಅಮ್ಮನಿಂದ ಒಂದಿಷ್ಟು ದೂರಕ್ಕೆ ಎಳೆದುಕೊಂಡ.